ಅರ್ಧ ಕಾದಂಬರಿ, ಪೂರ್ತಿ ವಾದ

ಯಾವುದಾದರೂ ಒಂದು ಸಂಗತಿಯನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಹಿಂಬಾಲಿಸುವವರೆಲ್ಲ ಅದರ ಅಭಿಮಾನಿಗಳೇ ಆಗಿರಬೇಕೆಂದು ಜನ ತಿಳಿದಿದ್ದಾರೆ. ಇದು ತಪ್ಪು. ಒಂದು ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಅವರಲ್ಲಿಗೆ ಯಾರು ಬಂದರು, ಬಂದವರು ಎಷ್ಟು ಹೊತ್ತು ಕೂತರು ಎಂಬುದನ್ನು ಖಚಿತವಾಗಿ ಬಲ್ಲವರು ಅವರ ಸ್ನೇಹಿತರಲ್ಲ, ಮಾತು ಬಿಟ್ಟಿರುವ ಎದುರು ಮನೆಯವರು. ಹೊರದೇಶದ ಒಂದು ಸಾಹಿತ್ಯ ಬಹುಮಾನಕ್ಕೂ ನನಗೂ ಇದ್ದದ್ದು ಇಂಥದೇ ಎದುರು ಮನೆಯ ಸಂಬಂಧ. ಬೇರೆ ಬೇರೆ ಭಾಷೆಗಳಿಂದ ಇಂಗ್ಲಿಷಿಗೆ ಬಂದ ಕಾದಂಬರಿಗಳಿಗೆಂದೇ ಇರುವ ಬಹುಮಾನ ಅದು. ವರ್ಷಕ್ಕೊಮ್ಮೆ ಮೊದಲು ಒಂದು ಉದ್ದನೆಯ ಪಟ್ಟಿ ಹೊರಡುತ್ತದೆ, ಆಮೇಲೆ ಅದು ಆರಕ್ಕೆ ಇಳಿಯುತ್ತದೆ, ಕೊನೆಗೆ ಒಂದು ಗೆಲ್ಲುತ್ತದೆ. ಬಹುಮಾನದ ಹಣವನ್ನು ಆ ಪುಸ್ತಕ ಬರೆದವರಿಗೂ ಅನುವಾದ ಮಾಡಿದವರಿಗೂ ಸಮನಾಗಿ ಹಂಚುತ್ತಾರೆ. ನನ್ನ ತಕರಾರು ಇದ್ದದ್ದೇ ಈ ‘ಸಮನಾಗಿ’ ಎಂಬಲ್ಲಿ. ಅಡುಗೆ ಮಾಡಿದವರಿಗೂ ಬಡಿಸಿದವರಿಗೂ ಒಂದೇ ಸನ್ಮಾನವೇ ಎಂದು ನಾನು ಪ್ರತಿವರ್ಷ ಕೇಳುತ್ತಿದ್ದೆ. ಕೇಳಿಸಿಕೊಳ್ಳುವವರು ಹೊಸಪೇಟೆಯಲ್ಲಿ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

ಈ ಅಭಿಪ್ರಾಯ ನನಗೆ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ಚರ್ಚಾ ಸ್ಪರ್ಧೆಯ ಹುಡುಗಿ. ಒಮ್ಮೆ ‘ಅನುವಾದ ಮೂಲಕ್ಕೆ ಬಗೆಯುವ ದ್ರೋಹ’ ಎಂಬ ವಿಷಯ ಕೊಟ್ಟರು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿ ನಿರ್ಧಾರವಾಗುತ್ತಿತ್ತು. ಚೀಟಿ ಎತ್ತುವ ಎರಡು ನಿಮಿಷ ಮೊದಲು ನನಗೆ ಆ ವಿಷಯದಲ್ಲಿ ಯಾವ ಅಭಿಪ್ರಾಯವೂ ಇರಲಿಲ್ಲ. ‘ಪರ’ ಎಂದು ಬಂತು. ಐದು ನಿಮಿಷ ಮಾತಾಡಿದೆ, ಗಂಟೆ ಬಾರಿಸಿದ ಮೇಲೂ ಅರ್ಧ ನಿಮಿಷ ಮಾತಾಡಿದೆ, ಗೆದ್ದೆ. ಅವತ್ತಿನಿಂದ ಆ ಅಭಿಪ್ರಾಯ ನನ್ನದಾಯಿತು. ಚೀಟಿಯಲ್ಲಿ ‘ವಿರೋಧ’ ಎಂದು ಬಂದಿದ್ದರೆ ನಾನು ಈವತ್ತು ಅನುವಾದಕರ ಸಂಘದ ಕಾರ್ಯದರ್ಶಿಯಾಗಿರುತ್ತಿದ್ದೆನೋ ಏನೋ. ಜನ ತಮ್ಮ ನಂಬಿಕೆಗಳನ್ನು ಎಲ್ಲಿಂದ ತಂದುಕೊಳ್ಳುತ್ತಾರೆಂದು ನಾನು ಯಾರನ್ನೂ ಗೇಲಿ ಮಾಡುವ ಹಾಗಿಲ್ಲ, ಆದರೂ ಮಾಡುತ್ತೇನೆ.

ಓದು ಮುಗಿದ ಮೇಲೆ ನಾನು ಸೇರಿಕೊಂಡದ್ದು ಹೊಸಪೇಟೆಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ. ಚೀನಾಕ್ಕೆ ಹೋಗುವ ಕಬ್ಬಿಣದ ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಬರುವ ಲಾರಿಗಳ ನಂಬರುಗಳನ್ನು ಕಂಪ್ಯೂಟರಿಗೆ ಹೊಡೆಯುವುದು ನನ್ನ ಕೆಲಸ. ಬೆಳಿಗ್ಗೆ ಬಿಳಿಯ ದುಪಟ್ಟಾ ಹೊದ್ದು ಹೋದರೆ ಸಂಜೆಯ ಹೊತ್ತಿಗೆ ಅದು ತಾನಾಗಿ ಕೆಂಪಾಗಿರುತ್ತಿತ್ತು, ಬಣ್ಣ ಹಾಕಿಸುವ ಖರ್ಚಿಲ್ಲ. ನಡುವೆ ಲಾರಿ ಬರುವುದು ನಿಂತಾಗ ನಾನು ಪಕ್ಕದ ಇಂಟರ್‌ನೆಟ್ ಸೆಂಟರಿನಲ್ಲಿ ಅಚ್ಚು ಹಾಕಿಸಿಕೊಂಡು ಬಂದ ಆ ಆರು ಪುಸ್ತಕಗಳ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು, ಒಂದನ್ನೂ ಓದದೆ, ಆರಕ್ಕೂ ಅಭಿಪ್ರಾಯ ಬರೆಯುತ್ತಿದ್ದೆ. ನಮ್ಮ ಮ್ಯಾನೇಜರು ಗಾದಿಲಿಂಗಪ್ಪನವರು ಒಮ್ಮೆ ಅದನ್ನು ನೋಡಿದರು.

“ಏನ್ ಮೇಡಂ, ಇದ್ಯಾವ ಲಾರಿ ಲಿಸ್ಟು?”

ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ಆರರಾಗ ಚೀನಾದ್ದು ಐತೇನ್ರಿ?”

“ಇಲ್ಲ ಸರ್.”

“ಅದು ತಪ್ಪು ನೋಡ್ರಿ. ಅವ್ರು ಮಣ್ಣು ತಗೊಂಡ್ರ ನಾವು ಅನ್ನ ತಿಂತೀವಿ. ಮುಂದಿನ ಸಲ ಚೀನಾದ್ದು ಇದ್ರ ಅದಕ್ಕ ಕೊಡ್ರಿ ಅಂತ ಬರೀರಿ, ಬೇಕಾರ ನಂದೂ ಸಹಿ ಹಾಕ್ತೀನಿ.”

ತೀರ್ಪುಗಾರರು ಇದಕ್ಕಿಂತ ಸ್ಪಷ್ಟವಾದ ಮಾನದಂಡ ಇಟ್ಟುಕೊಂಡದ್ದನ್ನು ನಾನು ಈವರೆಗೆ ಕಂಡಿಲ್ಲ.

ಪುಸ್ತಕಗಳು ಮಾತ್ರ ಸಿಗುತ್ತಿರಲಿಲ್ಲ. ಹೊಸಪೇಟೆಯ ಅಂಗಡಿಗಳಲ್ಲಿ ಪಠ್ಯಪುಸ್ತಕ, ಗೈಡು, ಪಂಚಾಂಗ. ಕೇಳಿದರೆ “ಯಾವ ಸಬ್ಜೆಕ್ಟು?” ಎನ್ನುತ್ತಿದ್ದರು. ಆಗ ನನಗೆ ಹೊಳೆದದ್ದು ಹಂಪಿ ಬಜಾರಿನ ಹಿಂದಿನ ಓಣಿಯಲ್ಲಿರುವ ವಿರೂಪಣ್ಣನ ಗೆಸ್ಟ್ ಹೌಸು. ಅವನು ನಮ್ಮಪ್ಪನ ಪರಿಚಯದವನು. ಅವನ ವರಾಂಡದಲ್ಲಿ ಒಂದು ಹಲಗೆಯ ಕಪಾಟು, ಅದರ ತುಂಬ ಪ್ರವಾಸಿಗರು ಬಿಟ್ಟುಹೋದ ಪುಸ್ತಕಗಳು, ಜಗತ್ತಿನ ಸಕಲ ಭಾಷೆಗಳಲ್ಲಿ. ಒಂದು ಇಟ್ಟು ಒಂದು ತೆಗೆದುಕೊಳ್ಳಬೇಕೆಂಬುದು ಆ ಕಪಾಟಿನ ಕಾನೂನು. ಒಂದು ಭಾನುವಾರ ಅಲ್ಲಿಗೆ ಹೋಗಿ ಹುಡುಕಿದೆ. ಆ ವರ್ಷದ ಆರರಲ್ಲಿ ಒಂದು ಅಲ್ಲಿತ್ತು. ಚಳಿದೇಶವೊಂದರ ಕಾದಂಬರಿ. ಪುಟಗಳ ನೆತ್ತಿಯ ಮೇಲೆಲ್ಲ ಅದೇ ಹೆಸರು. ಕೈಗೆತ್ತಿಕೊಂಡರೆ ಮುಂದಿನ ರಟ್ಟೇ ಇಲ್ಲ. ರಟ್ಟಿನ ಜೊತೆಗೆ ನೂರಾ ಹನ್ನೆರಡು ಪುಟಗಳೂ ಇಲ್ಲ.

“ಇದೇನ್ ವಿರೂಪಣ್ಣ, ಅರ್ಧ ಪುಸ್ತಕ?”

“ಬೆನ್ನಿಗೆ ಚೀಲ ಹಾಕ್ಕೊಂಡು ತಿರುಗೋರವ್ವಾ ಅವ್ರು. ಭಾರ ಆಗ್ತದಂತ ಓದಿದ್ದು ಓದಿದ್ದು ಹರದು ಒಗದು ಬರ್ತಾರ, ಕಬ್ಬು ತಿಂದಂಗ.”

“ಮೊದಲನೇ ಭಾಗ ಎಲ್ಲಿ ಒಗದಿರ್ತಾರ?”

“ಆಕಿ ಗೋವಾದಿಂದ ಬಂದಿದ್ಲು. ಅಲ್ಲೇ ಇರ್ತದ, ಸಮುದ್ರದಾಗ ಇಲ್ಲಂದ್ರ.”

“ಮತ್ತ ಉಳಿದಿದ್ದು ಯಾಕ ಬಿಟ್ಟು ಹೋದ್ಲು?”

“ಬ್ಯಾಸರಾಗಿರಬೇಕು. ನನ್ನ ಕೇಳಿದ್ರ?”

ಬದಲಿಗೆ ನಾನು ಇಟ್ಟದ್ದು ಸಾಮಾನ್ಯ ಜ್ಞಾನದ ಒಂದು ಕೈಪಿಡಿ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಕೊಡಲು ನಮ್ಮ ಕಡೆ ಇರುವುದು ಅದೊಂದೇ ಪುಸ್ತಕ. ನನ್ನ ಬಳಿ ಅದರ ಹತ್ತು ಹನ್ನೊಂದು ಪ್ರತಿಗಳಿದ್ದವು. ವಿರೂಪಣ್ಣ ಅದನ್ನು ತಿರುವಿ ನೋಡಿ, “ಇದನ್ನ ಯಾವ ಬಿಳಿಯರು ಓದ್ತಾರವ್ವಾ?” ಎಂದ. ಆ ಕಪಾಟಿನಲ್ಲಿರುವ ಸ್ಪ್ಯಾನಿಷ್ ಪುಸ್ತಕವನ್ನು ಹಂಪಿಯಲ್ಲಿ ಯಾರು ಓದಿದ್ದಾರೆ, ಅದಕ್ಕೊಂದು ನ್ಯಾಯ ಇದಕ್ಕೊಂದು ನ್ಯಾಯವೇ ಎಂದು ನಾನು ಶುರು ಮಾಡುವಷ್ಟರಲ್ಲಿ ಅವನು ಕೈ ಮುಗಿದು, “ತಗೊಂಡ್ ಹೋಗು ತಾಯಿ, ನೀರು ಬಿಡಾಕ ಹೋಗಬೇಕು,” ಎಂದು ಬಾಳೆತೋಟದ ಕಡೆ ನಡೆದುಬಿಟ್ಟ.

ಅಲ್ಲಿಂದ ನಾನು ಕಂಪ್ಲಿಯ ಬಸ್ಸು ಹತ್ತಿದೆ. ಹತ್ತಿದ್ದು ಸ್ವಂತ ಇಷ್ಟದಿಂದಲ್ಲ, ಅಪ್ಪನ ಅಪ್ಪಣೆಯಿಂದ. ಕಂಪ್ಲಿಯಲ್ಲಿ ರೈಸ್ ಮಿಲ್ಲಿನ ಪಕ್ಕದ ದೊಡ್ಡಪ್ಪನ ಮನೆಯಲ್ಲಿ ನನ್ನ ಸೋದರತ್ತೆ ಶಾಂತಮ್ಮ ಇದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗಲಿಲ್ಲ, ಅದಕ್ಕೆ ಬೇಕಾದಷ್ಟು ಪುರುಸೊತ್ತು ಓದುವುದರ ನಡುವೆ ಸಿಗಲಿಲ್ಲ ಎಂದು ಅವರೇ ಹೇಳುತ್ತಾರೆ. ವಾರಪತ್ರಿಕೆಗಳ ಧಾರಾವಾಹಿಗಳನ್ನೆಲ್ಲ ಬೈಯುತ್ತ ಬೈಯುತ್ತ ಒಂದನ್ನೂ ಬಿಡದೆ ಓದಿದವರು. ಅವರಿಗೆ ಪೊರೆ ಬಂದು ಕಣ್ಣಿನ ಆಪರೇಷನ್ ಆಗಿತ್ತು. ಡಾಕ್ಟರು ಹೊಸ ಕನ್ನಡಕ ಕೊಟ್ಟು, ಕಣ್ಣು ಚೆನ್ನಾಗಿದೆ, ದಿನಾ ಸ್ವಲ್ಪ ಸ್ವಲ್ಪ ಓದಿ ರೂಢಿ ಮಾಡಿಕೊಳ್ಳಿ ಎಂದಿದ್ದರು. ಅತ್ತೆ ಒಂದು ಸಲ ಹಾಕಿಕೊಂಡು ನೋಡಿದರಂತೆ. ಅಕ್ಷರಗಳು ಇರುವೆ ಸಾಲಿನ ಹಾಗೆ ಅತ್ತಿತ್ತ ಹರಿದಾಡಿದವಂತೆ. ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. ಪೇಪರಿನವನನ್ನು ಕರೆದು, “ನಾಳಿಂದ ಏನೂ ಹಾಕಬ್ಯಾಡಪಾ,” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಕೂತವರು ಮೂರು ವಾರವಾದರೂ ಈ ಕಡೆ ತಿರುಗಿರಲಿಲ್ಲ. ತಟ್ಟೆ ಮುಂದಿಟ್ಟರೆ ಅರ್ಧ ತಿಂದು ಸರಿಸುತ್ತಿದ್ದರು. “ಅಕ್ಕ ಹಿಂಗ ಕೂತ್ರ ಹಿಂಗ ಹೋಗಿಬಿಡ್ತಾಳ,” ಎಂದು ಅಪ್ಪ ನನ್ನನ್ನು ಅಟ್ಟಿದ್ದರು. “ನೀ ಹೋಗಿ ಮಾತಾಡಿಸು. ನಿನಗ ಮಾತಿಗೇನು ಬರ?”

ಹೋಗಿ ಮಾತಾಡಿಸಿದೆ. ಕಣ್ಣಿನ ವಿಷಯದಲ್ಲಿ ಡಾಕ್ಟರ ಪರವಾಗಿ ನಾಲ್ಕು ಅಂಶಗಳನ್ನು ಮಂಡಿಸಿದೆ. ಅತ್ತೆ ಗೋಡೆಗೆ, “ಮುಗೀತಾ?” ಎಂದರು. ಬೇರೇನೂ ತೋಚದೆ ಚೀಲದಿಂದ ಅರ್ಧ ಪುಸ್ತಕ ತೆಗೆದು, ಇದರಲ್ಲೊಂದು ಕಥೆ ಇದೆ ಕೇಳ್ತೀಯಾ ಎಂದೆ. ಉತ್ತರಕ್ಕೆ ಕಾಯದೆ ಶುರು ಮಾಡಿದೆ.

ನೂರಾ ಹದಿಮೂರನೇ ಪುಟದಲ್ಲಿ ಇರ್ಮಾ ಎಂಬ ಹೆಂಗಸು ನದಿಯ ದಡದಲ್ಲಿ ಒಬ್ಬಳೇ ನಿಂತು ಯೋನಾಸ್ ಎಂಬ ಹೆಸರು ಹೇಳಿಕೊಂಡು ಅಳುತ್ತಿದ್ದಾಳೆ. ಆಕೆ ದೋಣಿಯಲ್ಲಿ ಜನರನ್ನು ದಾಟಿಸುವವಳು. ಸರ್ಕಾರ ಅಲ್ಲೊಂದು ಸೇತುವೆ ಕಟ್ಟಲು ಹೊರಟಿದೆ. ಇಷ್ಟು ಸಾಕ್ಷ್ಯ ನನ್ನ ಕೈಯಲ್ಲಿತ್ತು. ಅರ್ಧ ಪುಸ್ತಕ ಎಂದು ಹೇಳಿದರೆ ಅತ್ತೆ ಮತ್ತೆ ಗೋಡೆಗೆ ತಿರುಗುತ್ತಾರೆ. ಆದ್ದರಿಂದ ಇದ್ದ ಸಾಕ್ಷ್ಯದಿಂದ ಹಿಂದಿನದನ್ನೆಲ್ಲ ನಾನೇ ಊಹಿಸಿದೆ. ಯೋನಾಸ್ ಆಕೆಯ ತಮ್ಮ ಎಂದೆ. ಪ್ರವಾಹದಲ್ಲಿ ದೋಣಿ ಮಗುಚಿ ಸತ್ತನೆಂದೆ. ನೂರಾ ಹನ್ನೆರಡು ಪುಟಗಳನ್ನು ಮುಕ್ಕಾಲು ಗಂಟೆಯಲ್ಲಿ ಬರೆದು ಮುಗಿಸಿದೆ, ಅದೂ ಬಾಯಲ್ಲಿ. ತಮ್ಮನ ಹೆಣ ಸಿಕ್ಕದ್ದು, ಅವನ ಬೂಟುಗಳನ್ನು ಇರ್ಮಾ ಒರೆಸಿ ಬಾಗಿಲಲ್ಲಿ ಇಟ್ಟದ್ದು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಬೂಟಿನ ಹತ್ತಿರ ಬರುವ ಹೊತ್ತಿಗೆ ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಂಡು ನನ್ನ ಕಡೆ ತಿರುಗಿದ್ದರು.

“ದೋಣಿ ಅಂದ್ರ ನಮ್ಮ ಹರಿಗೋಲಿನಂಗೋ, ಉದ್ದಂದೋ?”

“ಉದ್ದಂದು.”

“ಅದಕ್ಕ ಮಗುಚೇದ. ಹರಿಗೋಲು ಆಗಿದ್ರ ಹುಡುಗ ಉಳೀತಿದ್ದ.”

ಆ ದಿನ ಅವರು ತಟ್ಟೆ ಸರಿಸಲಿಲ್ಲ. ಇದನ್ನು ಕಂಡ ಮೇಲೆ ಸತ್ಯ ಹೇಳುವ ಧೈರ್ಯ ಯಾರಿಗಿರುತ್ತದೆ?

ಹಾಗೆ ಭಾನುವಾರಗಳು ಸಾಗಿದವು. ವಾರವೆಲ್ಲ ನಾನು ಮುಂದಿನ ಮೂವತ್ತು ಪುಟ ಓದಿ, ಕಷ್ಟದ ಪದಗಳಿಗೆ ನಿಘಂಟು ನೋಡಿ, ಲಾರಿಗಳ ನಡುವೆ ಕನ್ನಡದಲ್ಲಿ ಹೇಳಿ ನೋಡಿಕೊಂಡು ಹೋಗುತ್ತಿದ್ದೆ. ಅತ್ತೆಯಂಥ ಕೇಳುಗರು ಯಾವ ಲೇಖಕನಿಗೂ ಬೇಡ. “ಚಳಿಗಾಲದಾಗ ನದಿ ಗಡ್ಡಿ ಕಟ್ತದ ಅಂದಿ. ಹಂಗಾದ್ರ ಜನ ನಡಕೋಂತನ ದಾಟತಾರ. ಆಗ ಈಕಿಗೆ ದುಡಿಮಿ ಏನು?” ಎಂದರು ಒಂದು ದಿನ. ಮುಂದಿನ ವಾರದ ಪುಟಗಳಲ್ಲಿ ಇರ್ಮಾ ಚಳಿಗಾಲವೆಲ್ಲ ಬಲೆ ಹೆಣೆದು ಮಾರುವುದು ಬಂತು. ಅತ್ತೆ ತೊಡೆ ತಟ್ಟಿ, “ಬರದವ್ರು ಶಾಣ್ಯಾರು ಅದಾರ. ಮರತಿಲ್ಲ ನೋಡು,” ಎಂದರು. ಬರೆದವರು ಯಾರು ಎಂದು ಕೇಳಿದರು. “ಇಬ್ರು ಅತ್ತಿ. ಒಬ್ಬಾಕಿ ಬರದಾಳ, ಇನ್ನೊಬ್ಬಾಕಿ ಇಂಗ್ಲಿಷಿಗೆ ತಂದಾಳ,” ಎಂದೆ.

“ಮೂರು ಮಂದಿ ಅನ್ನು. ನೀನೂ ಅದೀಯಲ್ಲ.”

ದ್ರೋಹಿಗಳ ಸಾಲಿನಲ್ಲಿ ನನ್ನ ಹೆಸರು ಹೀಗೆ ಸರಾಗವಾಗಿ ಸೇರಿಹೋದದ್ದನ್ನು ನಾನು ಖಂಡಿಸಬೇಕಾಗಿತ್ತು. ಖಂಡಿಸಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಮಲಾಪುರ ದಾಟುವವರೆಗೂ ನನ್ನಷ್ಟಕ್ಕೆ ನಗುತ್ತ ಕೂತಿದ್ದೆನೆಂದು ಮಾತ್ರ ನೆನಪು.

ಬಹುಮಾನದ ವಿಷಯ ತಿಳಿದ ಮೇಲಂತೂ ಅತ್ತೆ ಇಡೀ ಮನೆಯನ್ನು ಇರ್ಮಾಳ ಪಕ್ಷಕ್ಕೆ ಸೇರಿಸಿದರು. ಮಿಲ್ಲಿನಿಂದ ಊಟಕ್ಕೆ ಬಂದ ದೊಡ್ಡಪ್ಪನಿಗೂ, “ನಮ್ಮ ಹುಡುಗಿ ಆರರಾಗ ಅದಾಳ,” ಎಂದು ಹೇಳುತ್ತಿದ್ದರು. ಯಾವ ಹುಡುಗಿ, ಯಾವ ಆರು ಎಂದು ದೊಡ್ಡಪ್ಪ ಕೇಳುವ ಗೋಜಿಗೆ ಹೋಗದೆ, “ಪಾಸಾಗ್ತಾಳ ಬಿಡು,” ಎನ್ನುತ್ತಿದ್ದರು. ಆದರೆ ಕನ್ನಡಕದ ಡಬ್ಬಿ ಮಾತ್ರ ಕಿಟಕಿಯಲ್ಲಿ ಮುಚ್ಚಿದ ಹಾಗೇ ಇತ್ತು. ಅದರ ಮಾತೆತ್ತಿದರೆ, “ನೀ ಓದ್ತೀಯಲ್ಲ, ಸಾಕು,” ಎಂದುಬಿಡುತ್ತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಪುಟ ಎಣಿಸಿದೆ. ಇನ್ನು ನೂರು ಪುಟ ಉಳಿದಿವೆ. ಕಥೆ ಮುಗಿದ ಮರುದಿನ ಅತ್ತೆ ಮತ್ತೆ ಗೋಡೆಗೆ ತಿರುಗಿದರೆ?

ನಾನು ಹೆದರಿದ್ದು ಕಥೆ ಮುಗಿಯುವುದಕ್ಕೆ. ಆಪತ್ತು ಬಂದದ್ದು ಅದಕ್ಕಿಂತ ಮೊದಲು, ಇನ್ನೂರ ನಲವತ್ತೊಂದನೇ ಪುಟದಲ್ಲಿ. ಆ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಿ ಪುಟಗಳನ್ನು ಮುಂಚೆ ಓದಿಕೊಂಡು ಹೋಗಲಾಗಿರಲಿಲ್ಲ. ನೋಡುತ್ತ ನೋಡುತ್ತಲೇ ಕನ್ನಡದಲ್ಲಿ ಹೇಳುತ್ತಿದ್ದೆ. “ಸಂಜೀ ಬಸ್ಸು ಬಂದು ನಿಂತಿತು. ಅದರಿಂದ ಒಬ್ಬ ಇಳಿದ. ಕೈಯಾಗ ಒಂದು ಪೆಟ್ಟಿಗಿ. ಇರ್ಮಾ ಅವನ್ನ ಗುರುತು ಹಿಡಿದಳು. ಅವನು ಯೋನಾಸ್...” ಬಾಯಿಂದ ಬಂದಾಗಿತ್ತು.

ನಾನು ಗಡಬಡಿಸಿ ಪುಟ ಮಗುಚಿದೆ.

“ಯಾರು?” ಎಂದರು ಅತ್ತೆ.

“ಯೋನಾಸ್ ಅನ್ನೋ ಇನ್ನೊಬ್ಬ.”

“ಸತ್ತಾವ ಬಸ್ಸಿನಾಗ ಹೆಂಗ ಬಂದ?”

ಖಂಡನೆ ಮಾಡುವುದು ನನಗೆ ಬರುತ್ತದೆ. ಅದು ಇರ್ಮಾಳ ಕನಸು ಎಂದೆ. ಕನಸಿನಲ್ಲಿ ಬಸ್ಸಿನ ಟೈಮು ಯಾಕೆ ಬರೆದಿದ್ದಾರೆ ಎಂದರು. ಹೆಣದ ಗುರುತು ತಪ್ಪಿರಬಹುದು, ಅಂಥ ಕೇಸುಗಳು ಎಷ್ಟೋ ಇವೆ ಎಂದೆ. ಹಾಗಾದರೆ ಬೂಟು ಯಾರದು ಎಂದರು. ಚಳಿದೇಶದಲ್ಲಿ ಬೂಟುಗಳೆಲ್ಲ ಒಂದೇ ಥರ ಇರುತ್ತವೆ ಎಂದೆ. ಇಲ್ಲಿ ಗಂಟೆ ಬಾರಿಸುವವರಿರಲಿಲ್ಲ, ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಪುಸ್ತಕ ಇಲ್ಲಿ ಕೊಡು,” ಎಂದರು.

ಕೊಟ್ಟೆ. ಅತ್ತೆ ಅದನ್ನು ಕೈಯಿಂದ ಸವರಿದರು. ಹಿಂದಿನ ರಟ್ಟು ನುಣ್ಣಗಿತ್ತು. ಮುಂದೆ ಹರಿದ ಅಂಚು ಬೆರಳಿಗೆ ಸಿಕ್ಕಿತು. ಎದ್ದು ಕಿಟಕಿಯ ಹತ್ತಿರ ಹೋದರು. ಡಬ್ಬಿ ತೆರೆದರು, ಕನ್ನಡಕ ಹಾಕಿಕೊಂಡರು. ಪುಸ್ತಕವನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದರು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಮುಖ ಅದು.

“ಒಂದು. ಒಂದು. ಮೂರು,” ಎಂದರು. “ನೂರಾ ಹದಿಮೂರು. ಮೊದಲಿಂದೆಲ್ಲಿ?”

“ಗೋವಾದಾಗ.”

“ಮತ್ತ ನೀ ಹೇಳಿದ್ದು?”

“ನಂದು.”

ಎಲ್ಲವನ್ನೂ ಒಪ್ಪಿಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಕಾರಣಗಳನ್ನು ಹೇಳಲು ನಾನು ಸಿದ್ಧಳಿದ್ದೆ. ಸ್ವಲ್ಪ ಹೊತ್ತು ಆ ಮೊದಲ ಸಾಲುಗಳನ್ನೇ ನೋಡುತ್ತ ನಿಂತಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ನಾಲ್ಕನೇ ಇಯತ್ತೆಗೆ ಹೇಳಿಕೊಡುವಷ್ಟು.

“ಅಕ್ಷರ ಹರದಾಡ್ತಾವಾ ಅತ್ತಿ?” ಎಂದೆ ಮೆಲ್ಲಗೆ.

“ನಿಂತಾವ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀ ನಿಂತಿಲ್ಲ. ಬಾಯಿಲೆ ಹೇಳಿದ್ರ ನೀ ಯಾವ ಕಡಿ ಬೇಕಾದ್ರೂ ತಿರುಗ್ತಿ. ಇನ್ನ ಮ್ಯಾಲ ಬರಕೊಂಡ್ ಬಾ. ದಪ್ಪ ಅಕ್ಷರದಾಗ. ನಾ ಓದ್ತೀನಿ.”

“ಎಲ್ಲಾನೂ?”

“ಇರೂದೆಲ್ಲಾ. ಇಲ್ಲದ್ದು ಬ್ಯಾಡ. ಮೊದಲಿನ ಹಾಳಿ ಖಾಲಿ ಬಿಡು, ಎಂದಾದ್ರೂ ಸಿಗ್ತಾವ.”

ಹೀಗೆ, ಅನುವಾದವನ್ನು ದ್ರೋಹವೆಂದು ಸಾಧಿಸಿ ಸ್ಪರ್ಧೆ ಗೆದ್ದ ನಾನು ಅಂಗಡಿಯಲ್ಲಿ ನಾಲ್ಕು ಉದ್ದನೆಯ ನೋಟ್‌ಬುಕ್ ಕೊಂಡು ಅನುವಾದಕ್ಕೆ ಕೂತೆ. ಮಾಡುವವರೆಗೆ ಆ ಕೆಲಸ ಎಷ್ಟು ಸುಲಭ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕೂತ ಮೊದಲ ಸಂಜೆ ಒಂದು ವಾಕ್ಯಕ್ಕೆ ಒಂದು ಗಂಟೆ ಹಿಡಿಯಿತು. ಮಂಜುಗಡ್ಡೆ ಬಿರಿಯುವಾಗಿನ ಸದ್ದಿಗೆ ಆ ಭಾಷೆಯವರು ಇಂಗ್ಲಿಷಿಗೆ ಹೇಗೋ ದಾಟಿಸಿದ ಒಂದು ಪದವಿತ್ತು. ನಮ್ಮ ಹೊಳೆ ಯಾವತ್ತು ಗಡ್ಡೆ ಕಟ್ಟಿತ್ತು, ಬಿರಿಯಲು? ಕೊನೆಗೆ ಸಂಡೂರಿನ ಕಡೆ ಮದ್ದು ಇಟ್ಟಾಗ ಬಂಡೆ ಬಿರಿಯುವ ಸದ್ದನ್ನು ನಮ್ಮ ಡ್ರೈವರೊಬ್ಬನನ್ನು ಕೇಳಿ ಬರೆದುಕೊಂಡೆ. ಅದನ್ನು ಬರೆದಾಗ ಆದ ಖುಷಿ ಆ ಸ್ಪರ್ಧೆ ಗೆದ್ದಾಗಲೂ ಆಗಿರಲಿಲ್ಲ. ಆ ದೂರದೇಶದ ಅನುವಾದಕಿಯೂ ಎಲ್ಲೋ ಹೀಗೇ ಯಾರನ್ನೋ ಕೇಳುತ್ತ ಕೂತಿರಬೇಕು. ಸಮಪಾಲಿನ ವಿಷಯದಲ್ಲಿ ನನ್ನ ನಿಲುವು ಕೊಂಚ ಸಡಿಲವಾಯಿತೆಂದು ಇಲ್ಲಿ ದಾಖಲಿಸುತ್ತೇನೆ. ಬದಲಾಯಿತೆಂದು ಒಪ್ಪಿಕೊಳ್ಳಲು ಇನ್ನೂ ಸಮಯ ಬೇಕು.

ಫಲಿತಾಂಶ ಬಂದ ದಿನ ಇಂಟರ್‌ನೆಟ್ ಸೆಂಟರಿನಲ್ಲಿ ಎರಡು ಸಲ ಕರೆಂಟು ಹೋಗಿ, ಮೂರನೇ ಸಲಕ್ಕೆ ಪುಟ ತೆರೆಯಿತು. ನಮ್ಮದು ಗೆದ್ದಿರಲಿಲ್ಲ. ಕಂಪ್ಲಿಗೆ ಫೋನು ಮಾಡಿ, ತೀರ್ಪುಗಾರರಿಗೆ ಬುದ್ಧಿಯಿಲ್ಲ, ಗೆದ್ದ ಪುಸ್ತಕ ಯಾತಕ್ಕೂ ಬರದ್ದು, ಇದರಲ್ಲಿ ರಾಜಕೀಯವಿದೆ ಎಂದು ಒಂದೇ ಉಸಿರಿಗೆ ಹೇಳಿದೆ.

“ಗೆದ್ದದ್ದು ಓದೀಯೇನು?” ಎಂದರು ಅತ್ತೆ.

“ಇಲ್ಲ.”

“ಅವ್ರು ಆರೂ ಓದ್ಯಾರ. ನಾವು ಒಂದು ಓದೀವಿ, ಅದೂ ಅರ್ಧ. ಸುಮ್ನಿರು.” ಮತ್ತೆ ಅವರೇ, “ಆ ಗೆದ್ದದ್ದು ವಿರೂಪಣ್ಣನ ಹತ್ರ ಬಂದ್ರ ನೋಡು. ಪೂರಾ ಇದ್ರ ತಗಂಡ್ ಬಾ,” ಎಂದರು. ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು: “ಫೇಲಾದ್ಲೇನು? ಮುಂದಿನ ವರ್ಷ ಕಟ್ಟಲಿ ಬಿಡು.”

ಈಗ ಪೇಪರಿನವನು ಮತ್ತೆ ವಾರಪತ್ರಿಕೆ ಹಾಕುತ್ತಿದ್ದಾನೆ. ಅತ್ತೆ ಧಾರಾವಾಹಿಗಳನ್ನು ಬೈಯುವುದೂ ಮೊದಲಿನ ಹಾಗೆ ಶುರುವಾಗಿದೆ. ನಾನು ಶನಿವಾರ ಕಳಿಸುವ ನೋಟ್‌ಬುಕ್ಕು ಭಾನುವಾರ ಕೆಂಪು ಶಾಯಿಯಲ್ಲಿ ತಿದ್ದಿ ಸಿದ್ಧವಾಗಿರುತ್ತದೆ. ಮೊದಲ ಕಂತಿಗೆ ಹತ್ತಕ್ಕೆ ಆರು ಅಂಕ ಕೊಟ್ಟು ಕೆಳಗೆ ಬರೆದಿದ್ದರು: “ಕನ್ನಡ ಶುದ್ಧವಾಗಿದೆ. ಆದರೆ ಈ ಹೆಣ್ಣುಮಗಳು ಮೂಲದಲ್ಲಿಯೂ ಇಷ್ಟು ಮಾತಾಡುತ್ತಾಳೆಯೇ? ಸಂಶಯ.” ಪುಸ್ತಕ ತೆಗೆದು ನೋಡಿದೆ. ಸೇತುವೆಯ ಅಧಿಕಾರಿ ದೋಣಿ ಮಾರುತ್ತೀಯಾ ಎಂದಾಗ ಇರ್ಮಾ ಅಲ್ಲಿ ‘ಇಲ್ಲ’ ಎಂದಷ್ಟೇ ಹೇಳಿ ಹುಟ್ಟು ಹಾಕಲು ತೊಡಗುತ್ತಾಳೆ. ನನ್ನ ಕನ್ನಡದಲ್ಲಿ ಆಕೆ ಆರು ವಾಕ್ಯಗಳಲ್ಲಿ ಅಧಿಕಾರಿಯ ನಿಲುವನ್ನು ಅಂಶ ಅಂಶವಾಗಿ ಖಂಡಿಸಿದ್ದಳು. ನನಗೆ ಸಿಟ್ಟು ಬಂತು. ಮೌನದ ಒಳಗಿರುವ ಮಾತನ್ನು ಹೊರಗೆ ತರುವುದೂ ಅನುವಾದಕರ ಹಕ್ಕು ಎಂದು ಅದೇ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟದ ಸಮರ್ಥನೆ ಬರೆದು ಕಳಿಸಿದೆ. ಮುಂದಿನ ಭಾನುವಾರ ಅದೂ ತಿದ್ದಿ ಬಂತು. ಮೇಲಿನಿಂದ ಕೆಳಗಿನವರೆಗೆ ಒಂದು ಅಡ್ಡಗೆರೆ, ಬದಿಯಲ್ಲಿ ಒಂದೇ ಸಾಲು: “ಇದನ್ನೂ ಇರ್ಮಾ ಹೇಳುವ ಹಾಗೆ, ಒಂದೇ ಮಾತಿನಲ್ಲಿ ಬರೆ.”